ಕಮಡೋರ್ 64ಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ: ಸಿಸಿ65 ಟೂಲ್‌ಚೈನ್ ವಿಮರ್ಶೆ

1982ರಲ್ಲಿ ಬಂದ ಮನೆಬಳಕೆಯ ಕಂಪ್ಯೂಟರ್ ಕಮಡೋರ್ 64ಕ್ಕೆ ಇವತ್ತು ಪ್ರೋಗ್ರಾಂ ಬರೆಯಲು 40 ಅಕ್ಷರ ಅಗಲದ ನೀಲಿ ಪರದೆಯ ಮುಂದೆ ಕೂರಬೇಕಾಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಇಷ್ಟದ ಎಡಿಟರ್ ತೆರೆದು ಸಿ ಬರೆಯಬಹುದು. ಅಲ್ಲೇ ಕಂಪೈಲ್ ಮಾಡಿ, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಓಡಿಸಿ ನೋಡಿ, ಸರಿಯಾದ ಮೇಲೆ ಅಸಲಿ ಯಂತ್ರಕ್ಕೆ ಸಾಗಿಸಿದರಾಯಿತು. ಈ ಕೆಲಸಕ್ಕೆ ಹೆಚ್ಚು ಜನ ಬಳಸುತ್ತ ಬಂದಿರುವ ಸಲಕರಣೆ ಸಿಸಿ65, ಅಂದರೆ ಕಂಪೈಲರ್, ಅಸೆಂಬ್ಲರ್, ಲಿಂಕರ್ ಎಲ್ಲ ಸೇರಿದ ಟೂಲ್‌ಚೈನ್. ಜಾನ್ ಡನಿಂಗ್ ಅಟಾರಿಗಾಗಿ ಬರೆದಿದ್ದ ಸಿ ಕಂಪೈಲರ್ ಇದರ ಮೂಲ. ಅದನ್ನು ಬಹುಕಾಲ ಬೆಳೆಸಿದವರು ಉಲ್ರಿಚ್ ಫಾನ್ ಬಾಸೆವಿಟ್ಸ್. ಈಗ ಇದು ಹಲವರು ಸೇರಿ ನಡೆಸುವ ಮುಕ್ತ ತಂತ್ರಾಂಶ, ಝಡ್‌ಲಿಬ್ ಪರವಾನಗಿಯಲ್ಲಿ ಸಿಗುತ್ತದೆ. ಇದರಲ್ಲಿ ಮಾಡಿದ ಆಟವನ್ನು ಹಣಕ್ಕೆ ಮಾರಿದರೂ ಯಾರೂ ಕೇಳುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಇದರ ಅಸೆಂಬ್ಲರ್ ಮತ್ತು ಲಿಂಕರ್ ಅತ್ಯುತ್ತಮ, ಲೈಬ್ರರಿ ಚೆನ್ನಾಗಿದೆ, ಸಿ ಕಂಪೈಲರ್ ಹುಟ್ಟಿಸುವ ಕೋಡ್ ಮಾತ್ರ ಸಾಧಾರಣ. ಆ ಕಂಪೈಲರ್‌ನಿಂದಲೂ ಒಳ್ಳೆಯ ಕೆಲಸ ತೆಗೆಯಬಹುದು, ಆದರೆ ಕಮಡೋರ್‌ನಲ್ಲಿರುವ 6502 ಜಾತಿಯ ಪ್ರೊಸೆಸರ್‌ಗೆ ಒಗ್ಗುವ ಹಾಗೆ ಸಿ ಬರೆಯಲು ಕಲಿಯಬೇಕು. ಪಿಸಿಯಲ್ಲಿ ಬರೆಯುವ ಹಾಗೆಯೇ ಬರೆದರೆ ಪ್ರೋಗ್ರಾಂ ಓಡುತ್ತದೆ, ಆದರೆ ತೆವಳುತ್ತ ಓಡುತ್ತದೆ.

ಈ ಬರಹದಲ್ಲಿ ಮೆಮೊರಿ ವಿಳಾಸಗಳೆಲ್ಲ ದಶಮಾಂಶದಲ್ಲಿವೆ. ಬೇಸಿಕ್‌ನಲ್ಲಿ ಪೋಕ್ ಮಾಡಿದವರಿಗೆ (ಮೆಮೊರಿಗೆ ನೇರವಾಗಿ ಬರೆದವರಿಗೆ) ಅವು ಪರಿಚಿತವೇ.

ಹಾಕಿಕೊಳ್ಳುವುದು

ಲಿನಕ್ಸ್‌ನ ಪ್ಯಾಕೇಜ್ ಭಂಡಾರಗಳಲ್ಲಿ, ಮ್ಯಾಕ್‌ನ ಹೋಮ್‌ಬ್ರೂನಲ್ಲಿ ಸಿಸಿ65 ನೇರವಾಗಿ ಸಿಗುತ್ತದೆ. ವಿಂಡೋಸ್‌ಗೆ ಜಿಪ್ ಇಳಿಸಿ ಬಿಚ್ಚಿದರೆ ಮುಗಿಯಿತು. ‘ಸಿ64 ಲೈಬ್ರರಿ ಸಿಗಲಿಲ್ಲ’ ಅಥವಾ ‘ಹೆಡರ್ ಸಿಗಲಿಲ್ಲ’ ಎಂಬ ದೂರು ಬಂದರೆ ಸಾಮಾನ್ಯ ಕಾರಣ ಒಂದೇ: ಬೈನರಿಗಳನ್ನು ಮಾತ್ರ ಬೇರೆ ಫೋಲ್ಡರ್‌ಗೆ ಸರಿಸಿ, ಲೈಬ್ರರಿ ಮತ್ತು ಇನ್‌ಕ್ಲೂಡ್ ಫೋಲ್ಡರ್‌ಗಳನ್ನು ಹಿಂದೆ ಬಿಟ್ಟಿರುತ್ತಾರೆ. ‘ಸಿಸಿ65 ಹೋಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಸರಿಯಾದ ಫೋಲ್ಡರ್ ತೋರಿಸುವಂತೆ ಮಾಡಿದರೆ ಪರಿಹಾರವಾಗುತ್ತದೆ. ಎಮ್ಯುಲೇಟರ್ ಆಗಿ ವೈಸ್ ಬೇಕು. ಅದರಲ್ಲಿ ‘ಎಕ್ಸ್64ಎಸ್‌ಸಿ’ ಎಂಬ, ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ಲೆಕ್ಕ ಕರಾರುವಾಕ್ಕಾಗಿರುವ ಆವೃತ್ತಿಯನ್ನೇ ಬಳಸಿ. ಡೆಬಿಯನ್ ಪ್ಯಾಕೇಜ್‌ನಲ್ಲಿ ವೈಸ್‌ಗೆ ಬೇಕಾದ ರೋಮ್ ಫೈಲ್‌ಗಳು ಬರುವುದಿಲ್ಲ. ಮೂಲ ವೈಸ್ ಬಿಡುಗಡೆಯಿಂದ ಅವನ್ನು ತಂದು ಸೇರಿಸುವ ತನಕ ಎಮ್ಯುಲೇಟರ್ ಶುರುವಾಗುವುದೇ ಇಲ್ಲ.

ಮೊದಲ ಪ್ರೋಗ್ರಾಂನಲ್ಲೇ ಕಾಡುವ ಮೂರು ಸಂಗತಿ

‘ಸಿಎಲ್65’ ಎಂಬ ಒಂದೇ ಆಜ್ಞೆ ಕಂಪೈಲ್, ಅಸೆಂಬಲ್, ಲಿಂಕ್ ಮೂರನ್ನೂ ಮಾಡುತ್ತದೆ. ಟಾರ್ಗೆಟ್ ಹೇಳದಿದ್ದರೆ ಕಮಡೋರ್ 64 ಎಂದೇ ಅದರ ಊಹೆ. ಹೊರಬರುವ ಪಿಆರ್‌ಜಿ ಫೈಲ್ 2049ರಲ್ಲಿ ಲೋಡ್ ಆಗುತ್ತದೆ. ಅದರ ತಲೆಯಲ್ಲಿ ‘ಸಿಸ್ 2061’ ಎಂಬ ಒಂದು ಸಾಲಿನ ಬೇಸಿಕ್ ಇರುವುದರಿಂದ ರನ್ ಎಂದು ಟೈಪ್ ಮಾಡಿದರೆ ಸಾಕು. ಶುರುವಾದ ಕೂಡಲೇ ಬೇಸಿಕ್ ರೋಮ್ ಅನ್ನು ಪಕ್ಕಕ್ಕೆ ಸರಿಸಿ, ಕರ್ನಲ್ ರೋಮ್ (ಯಂತ್ರದ ಮೂಲ ರೂಟೀನ್‌ಗಳು) ಮತ್ತು ಐ/ಓ ಭಾಗವನ್ನು (ಚಿಪ್‌ಗಳನ್ನು ಮುಟ್ಟುವ ವಿಳಾಸಗಳು) ಉಳಿಸಿಕೊಳ್ಳುತ್ತದೆ. ಹಾಗಾಗಿ 2049ರಿಂದ 53247ರ ತನಕ ಸಲೀಸಾಗಿ 51,199 ಬೈಟ್ ಸಿಗುತ್ತದೆ. ಬೇಸಿಕ್ ಕೊಡುವ 38,911ಕ್ಕೆ ಹೋಲಿಸಿದರೆ ಇದು ದೊಡ್ಡ ಲಾಭ.

ಮೊದಲ ತೊಡಕು ಪ್ರಿಂಟ್‌ಎಫ್. ಅದನ್ನು ಒಂದೇ ಒಂದು ಸಲ ಕರೆದರೂ ಫಾರ್ಮ್ಯಾಟ್ ಮಾಡುವ ಇಡೀ ಯಂತ್ರಾಂಗ ಒಳಗೆ ಬರುತ್ತದೆ, ಒಂದು ಸಾಲಿನ ಪ್ರೋಗ್ರಾಂ ಎರಡು ಕಿಲೋಬೈಟ್ ದಾಟುತ್ತದೆ. ಪರದೆಗೆ ಬರೆಯುವ ಕಾನ್‌ಐಓ ಲೈಬ್ರರಿಯ ಸಿಪುಟ್ಸ್ ಹಗುರ. ಸಿಪ್ರಿಂಟ್‌ಎಫ್ ಹಗುರವಲ್ಲ, ಅದೂ ಅದೇ ಭಾರವನ್ನು ಎಳೆದು ತರುತ್ತದೆ. ಸಂಖ್ಯೆ ತೋರಿಸಲು ಐಟಿಓಎ ಬಳಸಿ, ಬಂದ ಸ್ಟ್ರಿಂಗ್ ಅನ್ನು ಸಿಪುಟ್ಸ್‌ಗೆ ಕೊಡುವುದು ಒಳ್ಳೆಯ ಅಭ್ಯಾಸ.

ಎರಡನೆಯದು ಹೊಸ ಸಾಲು. ಕಾನ್‌ಐಓದಲ್ಲಿ ನ್ಯೂಲೈನ್ ಅಕ್ಷರ ಕರ್ಸರ್ ಅನ್ನು ಕೆಳಗಿಳಿಸುತ್ತದೆ ಅಷ್ಟೆ, ಎಡಕ್ಕೆ ತರುವುದಿಲ್ಲ. ಕ್ಯಾರೇಜ್ ರಿಟರ್ನ್ ಜೊತೆಗಿಲ್ಲದಿದ್ದರೆ ಸಾಲುಗಳು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿಯುತ್ತವೆ.

ಮೂರನೆಯದು ಅಕ್ಷರ ಸಂಕೇತ. ಕಂಪೈಲರ್ ನಿಮ್ಮ ಸ್ಟ್ರಿಂಗ್‌ಗಳನ್ನು ತಾನೇ ಕಮಡೋರ್‌ನ ಅಕ್ಷರ ಸಂಕೇತವಾದ ಪೆಟ್‌ಸ್ಕಿಗೆ ಬದಲಿಸುತ್ತದೆ. ಲೈಬ್ರರಿ ಮೂಲಕ ಬರೆಯುವ ತನಕ ಎಲ್ಲ ಸರಿ. ವೇಗಕ್ಕಾಗಿ 1024ರಲ್ಲಿರುವ ಸ್ಕ್ರೀನ್ ಮೆಮೊರಿಗೆ ನೇರವಾಗಿ ಬರೆಯಹೊರಟರೆ ಎಡವಟ್ಟಾಗುತ್ತದೆ, ಏಕೆಂದರೆ ಪರದೆಯ ಚಿತ್ರ ಮೂಡಿಸುವ ವಿಐಸಿ ಚಿಪ್ ಓದುವುದು ಪೆಟ್‌ಸ್ಕಿಯನ್ನಲ್ಲ, ಸ್ಕ್ರೀನ್ ಕೋಡ್ ಎಂಬ ಬೇರೆ ಸಂಕೇತವನ್ನು. ಸಣ್ಣ ‘ಎ’ ಪೆಟ್‌ಸ್ಕಿಯಲ್ಲಿ 65 ಆಗುತ್ತದೆ. ಅದನ್ನು ಸ್ಕ್ರೀನ್ ಮೆಮೊರಿಗೆ ಹಾಕಿದರೆ ದೊಡ್ಡ ‘ಎ’ ಕಾಣುತ್ತದೆ. ದೊಡ್ಡ ‘ಎ’ 193 ಆಗುತ್ತದೆ, ಹಾಕಿದರೆ ಬಣ್ಣ ತಿರುಗಿದ ದೊಡ್ಡ ‘ಎ’ ಕಾಣುತ್ತದೆ. ಪರದೆಯಲ್ಲಿ ಇಂಥ ವಿಚಿತ್ರ ಕಂಡರೆ ಕೋಡ್‌ನಲ್ಲಿ ಬೇರೆ ದೋಷ ಹುಡುಕುವ ಮುಂಚೆ ಇದನ್ನೇ ನೋಡಿ.

2.19 ಆವೃತ್ತಿ ಬಳಸುವವರಿಗೆ ಇನ್ನೊಂದು ಮಾತು. ವೇರಿಯೇಬಲ್‌ಗಳನ್ನು ಬ್ಲಾಕ್‌ನ ಶುರುವಿನಲ್ಲೇ ಘೋಷಿಸಬೇಕು, ಫಾರ್ ಲೂಪಿನ ಒಳಗೆ ಘೋಷಿಸಿದರೆ ಅದು ಒಪ್ಪುವುದಿಲ್ಲ. ಇಂಟ್ 16 ಬಿಟ್, ಚಾರ್ ಡೀಫಾಲ್ಟ್ ಆಗಿಯೇ ಅನ್‌ಸೈನ್ಡ್, ಫ್ಲೋಟ್ ಇಲ್ಲವೇ ಇಲ್ಲ. ಭಿನ್ನರಾಶಿ ಬೇಕಾದರೆ 16 ಬಿಟ್‌ನ ಮೇಲಿನ ಬೈಟ್‌ನಲ್ಲಿ ಪೂರ್ಣಾಂಕ, ಕೆಳಗಿನದರಲ್ಲಿ ಭಿನ್ನಾಂಶ ಇಟ್ಟುಕೊಳ್ಳುವ ಫಿಕ್ಸೆಡ್ ಪಾಯಿಂಟ್ ಪದ್ಧತಿಯೇ ಗತಿ. ಆಟಗಳಿಗೆ ಅದು ಧಾರಾಳ ಸಾಕು.

ಕಂಪೈಲರ್ ಎಲ್ಲಿ ನಿಧಾನ, ಯಾಕೆ

6502ರಲ್ಲಿರುವುದು ಎ, ಎಕ್ಸ್, ವೈ ಎಂಬ ಮೂರು 8 ಬಿಟ್ ರಿಜಿಸ್ಟರ್‌ಗಳು. ಹಾರ್ಡ್‌ವೇರ್ ಸ್ಟ್ಯಾಕ್ 256 ಬೈಟ್ ಮಾತ್ರ, ಅದರ ನಡುವಿನ ಬೈಟ್ ಓದಲು ಸುಲಭದ ಆದೇಶವೂ ಇಲ್ಲ. ಸಿ ಭಾಷೆಯ ಲೋಕಲ್ ವೇರಿಯೇಬಲ್‌ಗಳಿಗೆ ಅಲ್ಲಿ ಜಾಗ ಸಾಲದು. ಅದಕ್ಕೇ ಸಿಸಿ65 ಮೆಮೊರಿಯ ಮೇಲ್ತುದಿಯಲ್ಲಿ ತನ್ನದೇ ಸಾಫ್ಟ್‌ವೇರ್ ಸ್ಟ್ಯಾಕ್ ಕಟ್ಟಿಕೊಳ್ಳುತ್ತದೆ. ಝೀರೋ ಪೇಜ್‌ನಲ್ಲಿರುವ (ಮೆಮೊರಿಯ ಮೊದಲ 256 ಬೈಟ್) ಒಂದು ಪಾಯಿಂಟರ್ ಮೂಲಕ ಅದನ್ನು ಮುಟ್ಟುತ್ತದೆ.

ಇದರ ಬೆಲೆ ಎಷ್ಟೆಂದು ಹತ್ತಿರದಿಂದ ನೋಡೋಣ. ಲೋಕಲ್ ಇಂಟ್ ಒಂದನ್ನು ಓದಲು ಕಂಪೈಲರ್ ಮೊದಲು ವೈ ರಿಜಿಸ್ಟರ್‌ಗೆ ಆಫ್‌ಸೆಟ್ ತುಂಬುತ್ತದೆ (2 ಸೈಕಲ್), ಲೈಬ್ರರಿಯ ಸಣ್ಣ ರೂಟೀನ್‌ಗೆ ಹಾರುತ್ತದೆ (6). ಅಲ್ಲಿ ಮೇಲಿನ ಬೈಟ್ ಓದು (5), ಎಕ್ಸ್‌ಗೆ ವರ್ಗಾವಣೆ (2), ವೈ ಒಂದು ಇಳಿಕೆ (2), ಕೆಳಗಿನ ಬೈಟ್ ಓದು (5), ವಾಪಸ್ (6). ಒಟ್ಟು 28 ಸೈಕಲ್. ಅದೇ ವೇರಿಯೇಬಲ್ ಸ್ಟ್ಯಾಟಿಕ್ ಆಗಿದ್ದರೆ ನೇರ ವಿಳಾಸದಿಂದ ಎರಡು ಓದು, ತಲಾ 4, ಒಟ್ಟು 8 ಸೈಕಲ್. ಪ್ಯಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಫ್ರೇಮ್ (ಪರದೆಯ ಒಂದು ಪೂರ್ತಿ ಚಿತ್ರ) ಎಂದರೆ 312 ಸಾಲು, ಸಾಲಿಗೆ 63ರಂತೆ 19,656 ಸೈಕಲ್. ಲೋಕಲ್ ಇಂಟ್ ಅನ್ನು 700 ಸಲ ಬರೀ ಓದಿದರೆ ಫ್ರೇಮ್ ಮುಗಿದೇ ಹೋಯಿತು, ಕೆಲಸ ಇನ್ನೂ ಶುರುವೇ ಆಗಿಲ್ಲ.

ಹಾಗಾಗಿ ಮೊದಲ ಚಿಕಿತ್ಸೆ ಲೋಕಲ್‌ಗಳನ್ನು ಸ್ಟ್ಯಾಟಿಕ್ ಮಾಡುವ ಕಂಪೈಲರ್ ಆಯ್ಕೆ (ಮೈನಸ್, ದೊಡ್ಡ ಸಿ, ಸಣ್ಣ ಎಲ್). ಇದಕ್ಕೆ ಎರಡು ಷರತ್ತಿವೆ. ತನ್ನನ್ನು ತಾನೇ ಕರೆಯುವ ಫಂಕ್ಷನ್ ಮುರಿದುಬೀಳುತ್ತದೆ. ಇಂಟರಪ್ಟ್ (ನಡುವೆ ತಡೆದು ಓಡುವ ಕೋಡ್) ಮತ್ತು ಮುಖ್ಯ ಪ್ರೋಗ್ರಾಂ ಎರಡೂ ಒಂದೇ ಫಂಕ್ಷನ್ ಕರೆದರೆ ಮೌಲ್ಯಗಳು ಕಲಸಿಹೋಗುತ್ತವೆ. ಅಂಥ ಫೈಲ್‌ಗಳಲ್ಲಿ ಪ್ರಾಗ್ಮಾ (ಕೋಡ್‌ನಲ್ಲೇ ಕಂಪೈಲರ್‌ಗೆ ಕೊಡುವ ಸೂಚನೆ) ಬಳಸಿ ಬೇಕಾದ ಫಂಕ್ಷನ್‌ಗಳಿಗೆ ಮಾತ್ರ ಇದನ್ನು ಆರಿಸಬಹುದು.

ಎರಡನೆಯದು, ಎಣಿಕೆ 255 ದಾಟದ ಕಡೆಯೆಲ್ಲ ಅನ್‌ಸೈನ್ಡ್ ಚಾರ್. ಅಭ್ಯಾಸಬಲದಿಂದ ಬರೆಯುವ ‘ಇಂಟ್ ಐ’ ಈ ಯಂತ್ರದಲ್ಲಿ ದುಬಾರಿ. ಗ್ಲೋಬಲ್ ಬೈಟ್ ಅರೇ, ಬೈಟ್ ಇಂಡೆಕ್ಸ್ ಎರಡೂ ಕೂಡಿದರೆ ಕಂಪೈಲರ್ ಒಂದೇ ಇಂಡೆಕ್ಸ್ ಆದೇಶದಲ್ಲಿ ಓದುತ್ತದೆ. ಅಸೆಂಬ್ಲಿ ಬರೆಯುವವರೂ ಅದನ್ನೇ ಬರೆಯುತ್ತಿದ್ದರು.

ಮೂರನೆಯದು ಡೇಟಾ ಜೋಡಣೆ. 16 ಶತ್ರುಗಳಿಗೆ 16 ಸ್ಟ್ರಕ್ಟ್‌ಗಳ ಅರೇ ಮಾಡುವುದು ಪಿಸಿಯಲ್ಲಿ ಸಹಜ. ಇಲ್ಲಿ ಪ್ರತಿ ಸಲವೂ ಇಂಡೆಕ್ಸ್ ಅನ್ನು ಸ್ಟ್ರಕ್ಟ್‌ನ ಗಾತ್ರದಿಂದ ಗುಣಿಸಬೇಕಾಗುತ್ತದೆ, ಈ ಪ್ರೊಸೆಸರ್‌ಗೆ ಗುಣಾಕಾರದ ಆದೇಶವೇ ಇಲ್ಲ. ಎಕ್ಸ್ ಸ್ಥಾನಗಳಿಗೊಂದು ಅರೇ, ವೈ ಸ್ಥಾನಗಳಿಗೊಂದು, ಜೀವಕ್ಕೊಂದು ಎಂದು ಬಿಡಿಸಿಟ್ಟರೆ ಗುಣಾಕಾರವೇ ಬೇಡ. ಪರದೆಯ ಸಾಲಿನ ವಿಳಾಸಕ್ಕಾಗಿ 40ರಿಂದ ಗುಣಿಸುವುದೂ ಇದೇ ಜಾತಿಯ ಖರ್ಚು. 25 ಸಾಲುಗಳ ವಿಳಾಸವನ್ನು ಮೊದಲೇ 50 ಬೈಟ್‌ನ ಕೋಷ್ಟಕದಲ್ಲಿ ಇಟ್ಟುಕೊಳ್ಳಿ. ಭಾಗಾಕಾರ ಮತ್ತು ಶೇಷ ಇನ್ನೂ ಕೆಟ್ಟವು, 16 ಬಿಟ್ ಭಾಗಾಕಾರ ಒಂದಕ್ಕೆ ನೂರಾರು ಸೈಕಲ್. ಅಂಕ ತೋರಿಸಲು 10ರಿಂದ ಭಾಗಿಸುತ್ತ ಕೂರುವ ಬದಲು ಸ್ಕೋರ್ ಅನ್ನು ಅಂಕಿಗೊಂದು ಬೈಟ್‌ನಂತೆ ಇಡುವುದು ಲೇಸು.

ಇಷ್ಟಾದ ಮೇಲೂ ಪದೇ ಪದೇ ಓಡುವ ಬಿಸಿ ಲೂಪ್ ಒಂದೆರಡು ಉಳಿದೇ ಇರುತ್ತವೆ. ಅವನ್ನು ಅಸೆಂಬ್ಲಿಯಲ್ಲಿ ಬರೆಯಿರಿ. ಸಿಸಿ65ರ ನಿಜವಾದ ಸೊಗಸು ಇರುವುದು ಇಲ್ಲೇ. ‘ಸಿಎ65’ ಅಸೆಂಬ್ಲರ್‌ನ ಮ್ಯಾಕ್ರೋ, ಸ್ಕೋಪ್, ಸೆಗ್ಮೆಂಟ್ ವ್ಯವಸ್ಥೆ ಎಷ್ಟು ಪಕ್ವವಾಗಿದೆ ಎಂದರೆ ಸಿ ಮುಟ್ಟದೆ ಬರೀ ಅದಕ್ಕಾಗಿ ಈ ಟೂಲ್‌ಚೈನ್ ಬಳಸುವವರೂ ಇದ್ದಾರೆ. ಸಿ ಜೊತೆ ಬೆಸೆಯುವುದೂ ಸುಲಭ: ಅಸೆಂಬ್ಲಿಯಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿ ಎಕ್ಸ್‌ಪೋರ್ಟ್ ಮಾಡಬೇಕು. ಕೊನೆಯ ಆರ್ಗ್ಯುಮೆಂಟ್ ಎ ಮತ್ತು ಎಕ್ಸ್ ರಿಜಿಸ್ಟರ್‌ಗಳಲ್ಲಿ ಬರುತ್ತದೆ, ಉತ್ತರವನ್ನೂ ಅಲ್ಲೇ ಇಟ್ಟು ವಾಪಸಾದರೆ ಸಾಕು. ಒಂದೇ ಆರ್ಗ್ಯುಮೆಂಟ್ ಇರುವ ಫಂಕ್ಷನ್ ಆದರೆ ಸಾಫ್ಟ್‌ವೇರ್ ಸ್ಟ್ಯಾಕ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಯಾವ ಸಿ ಸಾಲು ಏನಾಯಿತು ಎಂದು ನೋಡಲು, ಸಿ ಸಾಲುಗಳನ್ನು ಕಾಮೆಂಟ್ ಆಗಿ ಸೇರಿಸಿದ ಅಸೆಂಬ್ಲಿ ಫೈಲ್ ಅನ್ನೇ ಕಂಪೈಲರ್ ಬರೆದುಕೊಡುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಂಡವರ ಸಿ ತಾನಾಗಿಯೇ ಸುಧಾರಿಸುತ್ತದೆ.

ಮೆಮೊರಿ ಮತ್ತು ಲಿಂಕರ್

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಜಾಗ ಇದು, ಹಾಸಿಗೆ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಎಚ್ಚರಿಸುವುದಿಲ್ಲ. ಅತಿ ಸಾಮಾನ್ಯ ಅವಘಡ ಹೀಗೆ: ಸ್ಪ್ರೈಟ್ (ಪರದೆಯ ಮೇಲೆ ಓಡಾಡಿಸುವ ಸಣ್ಣ ಆಕೃತಿ) ಚಿತ್ರಗಳನ್ನು 8192ರಲ್ಲಿ ಇಟ್ಟಿರುತ್ತಾರೆ. ಪ್ರೋಗ್ರಾಂ 2049ರಿಂದ ಮೇಲಕ್ಕೆ ಬೆಳೆಯುತ್ತದೆ. ಕೋಡ್ 6,143 ಬೈಟ್ ದಾಟುವ ತನಕ ಎಲ್ಲ ಚೆಂದ. ಆಮೇಲೊಂದು ದಿನ ಸಂಬಂಧವೇ ಇಲ್ಲದ ಒಂದು ಫಂಕ್ಷನ್ ಸೇರಿಸಿದ ಕೂಡಲೇ ಪರದೆ ಹೆಪ್ಪುಗಟ್ಟುತ್ತದೆ, ಯಾಕೆಂದರೆ ಸ್ಪ್ರೈಟ್ ನಕಲು ಮಾಡುವ ಸಾಲು ಕೋಡ್‌ನ ಮೇಲೆಯೇ ಬರೆಯುತ್ತಿದೆ. ಚಿತ್ರಗಳನ್ನು 4096ರಿಂದ 8191ರ ನಡುವೆ ಸರಿಸಿದರೂ ಉಪಯೋಗವಿಲ್ಲ. ಮೊದಲ ಬ್ಯಾಂಕ್‌ನ (ವಿಐಸಿ ಒಮ್ಮೆಗೆ ನೋಡಬಲ್ಲ 16 ಕಿಲೋಬೈಟ್ ತುಂಡು) ಆ ಭಾಗದಲ್ಲಿ ವಿಐಸಿಗೆ ಕಾಣುವುದು ಅಕ್ಷರಗಳ ರೋಮ್.

ದೊಡ್ಡ ಪ್ರೋಗ್ರಾಂಗೆ ಒಪ್ಪುವ ಜೋಡಣೆ ಎಂದರೆ ವಿಐಸಿಯನ್ನು ಕೊನೆಯ ಬ್ಯಾಂಕ್‌ಗೆ, ಅಂದರೆ 49152ಕ್ಕೆ ಕಳಿಸಿಬಿಡುವುದು. 56576ರ ಕೆಳಗಿನ ಎರಡು ಬಿಟ್ ಸೊನ್ನೆ ಮಾಡಿ. 49152ರಿಂದ 2 ಕಿಲೋಬೈಟ್ ಅಕ್ಷರಗಳಿಗೆ, 51200ರಿಂದ 1 ಕಿಲೋಬೈಟ್ 16 ಸ್ಪ್ರೈಟ್ ಚಿತ್ರಗಳಿಗೆ, 52224ರಿಂದ ಪರದೆಗೆ. 53272ರಲ್ಲಿ 48 ಬರೆಯಿರಿ. ಕರ್ನಲ್‌ಗೂ ಪರದೆ ಎಲ್ಲಿದೆಯೆಂದು ತಿಳಿಸಲು 648ರಲ್ಲಿ 204 ಬರೆದು ಪರದೆ ಅಳಿಸಿ. ಸ್ಪ್ರೈಟ್ ಪಾಯಿಂಟರ್‌ಗಳು ಈಗ 53240ರಿಂದ ಶುರು, ಮೊದಲ ಚಿತ್ರದ ಸಂಖ್ಯೆ 32. ಈ ಬ್ಯಾಂಕ್‌ನಲ್ಲಿ ಅಕ್ಷರಗಳ ರೋಮ್ ಕಾಣುವುದಿಲ್ಲವಾದ್ದರಿಂದ ಅದನ್ನು ಮೊದಲೇ ನಕಲು ಮಾಡಿಕೊಳ್ಳಬೇಕು, ಇಲ್ಲವಾದರೆ ಪರದೆ ತುಂಬ ಕಸ ಕಾಣುತ್ತದೆ. ನಕಲಿಗೆ ವಿಳಾಸ 1ರ ಬಿಟ್ 2 ಅನ್ನು ಸೊನ್ನೆ ಮಾಡಿ 55296ರಿಂದ ಓದಿ. ಆ ಹೊತ್ತಿನಲ್ಲಿ ಐ/ಓ ಮಾಯವಾಗಿರುತ್ತದೆ, ಆದ್ದರಿಂದ ಅದಕ್ಕೂ ಮುಂಚೆ ಇಂಟರಪ್ಟ್ ನಿಲ್ಲಿಸಲೇಬೇಕು.

ಈಗ ಲಿಂಕರ್‌ಗೆ ಮೇಲ್ಮಿತಿ ಹೇಳಬೇಕು. ‘ಹೈಮೆಮ್’ ಎಂಬ ಚಿಹ್ನೆಯನ್ನು (ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್) 49152ಕ್ಕೆ ಇಳಿಸಿದರೆ ಸಾಫ್ಟ್‌ವೇರ್ ಸ್ಟ್ಯಾಕ್ ಅದರ ಕೆಳಗೆ ಕೂರುತ್ತದೆ, ಪ್ರೋಗ್ರಾಂಗೆ ಸ್ಟ್ಯಾಕ್ ಸೇರಿ 47,103 ಬೈಟ್ ಉಳಿಯುತ್ತದೆ. ಹೆಕ್ಸ್ ಸಂಖ್ಯೆಗೆ ಡಾಲರ್ ಚಿಹ್ನೆ ಹಾಕಿದರೆ ಲಿನಕ್ಸ್ ಶೆಲ್ ಅದನ್ನು ವೇರಿಯೇಬಲ್ ಎಂದು ತಿಳಿದು ನುಂಗಿಬಿಡುತ್ತದೆ, ಸೊನ್ನೆ-ಎಕ್ಸ್ ಬಳಸಿ. ಸ್ಟ್ಯಾಕ್‌ಗೆ ಮೀಸಲು 2,048 ಬೈಟ್. ಅದು ತುಂಬಿ ಹರಿದರೂ ಸದ್ದಿಲ್ಲ. ಅನುಮಾನ ಬಂದಾಗ ಸ್ಟ್ಯಾಕ್ ಪರೀಕ್ಷಿಸುವ ಆಯ್ಕೆ ಹಾಕಿ ಒಮ್ಮೆ ಕಂಪೈಲ್ ಮಾಡಿ ನೋಡಿ. ಪ್ರತಿ ಬಿಲ್ಡ್‌ನಲ್ಲೂ ಮ್ಯಾಪ್ ಫೈಲ್ ಬರೆಸಿ, ಕೊನೆಯ ಸೆಗ್ಮೆಂಟ್ ಎಲ್ಲಿ ಮುಗಿಯಿತು ಎಂದು ಕಣ್ಣಾಡಿಸುವುದನ್ನು ಬಿಡಬೇಡಿ.

ಜಾಯ್‌ಸ್ಟಿಕ್, ಗ್ರಾಫಿಕ್ಸ್, ಮೌಸ್‌ಗೆ ಡ್ರೈವರ್‌ಗಳು ಜೊತೆಗೇ ಬರುತ್ತವೆ. ಅವನ್ನು ಡಿಸ್ಕ್‌ನಿಂದ ಲೋಡ್ ಮಾಡುವ ವಿಧಾನ ಆರಿಸಿದರೆ ಡ್ರೈವರ್ ಫೈಲ್ ಅನ್ನೂ ಡಿಸ್ಕ್ ಇಮೇಜ್‌ಗೆ ಸೇರಿಸಬೇಕು, ಮರೆತರೆ ಜಾಯ್‌ಸ್ಟಿಕ್ ಸುಮ್ಮನೆ ಕೆಲಸ ಮಾಡುವುದಿಲ್ಲ. ಸ್ಟ್ಯಾಟಿಕ್ ಡ್ರೈವರ್ ಬಳಸಿದರೆ ಈ ತಲೆನೋವೇ ಇಲ್ಲ.

ದೋಷ ಹುಡುಕುವುದು, ಯಂತ್ರಕ್ಕೆ ಸಾಗಿಸುವುದು

ಲಿಂಕ್ ಮಾಡುವಾಗ ವೈಸ್ ಲೇಬಲ್ ಫೈಲ್ ಬರೆಸಿ, ಎಮ್ಯುಲೇಟರ್ ಶುರು ಮಾಡುವಾಗ ಅದನ್ನು ಮಾನಿಟರ್ (ವೈಸ್ ಒಳಗಿನ ದೋಷ ಹುಡುಕುವ ಸಲಕರಣೆ) ಆಜ್ಞೆಗಳಾಗಿ ಕೊಡಿ. ಆಗ ವಿಳಾಸಗಳ ಬದಲು ಹೆಸರುಗಳನ್ನೇ ಬಳಸಬಹುದು. ಸಿಯ ‘ಮೇನ್’ನಲ್ಲಿ ನಿಲ್ಲಿಸಲು ಬ್ರೇಕ್ ಎಂದು ಬರೆದು ಚುಕ್ಕೆ, ಅಂಡರ್‌ಸ್ಕೋರ್, ಮೇನ್ ಎನ್ನಬೇಕು. ಅಂಡರ್‌ಸ್ಕೋರ್ ಬಿಟ್ಟರೆ ಅದಕ್ಕೆ ಹೆಸರು ಸಿಗುವುದಿಲ್ಲ. ಸಿ ಸಾಲಿನ ಮಟ್ಟದಲ್ಲೇ ಹೆಜ್ಜೆ ಹಾಕಬೇಕೆಂದರೆ ವಿಎಸ್ ಕೋಡ್‌ನಲ್ಲಿ ವಿಎಸ್64 ಎಕ್ಸ್‌ಟೆನ್ಶನ್ ಇದೆ.

ವೇಗ ಅಳೆಯಲು ಹಳೆಯ ಉಪಾಯವೇ ಇಂದಿಗೂ ಶ್ರೇಷ್ಠ. ಫಂಕ್ಷನ್ ಶುರುವಾಗುವ ಮುಂಚೆ 53280ಕ್ಕೆ ಬೇರೆ ಬಣ್ಣ, ಮುಗಿದ ಕೂಡಲೇ ಹಳೆಯ ಬಣ್ಣ. ಅಂಚಿನಲ್ಲಿ ಕಾಣುವ ಪಟ್ಟಿ ಎಷ್ಟು ಸಾಲು ಎತ್ತರವೋ ಅಷ್ಟು ಸಲ 63 ಸೈಕಲ್. ಸಿಡ್ (ಧ್ವನಿ ಚಿಪ್), ವಿಐಸಿ ಮುಟ್ಟದ ಬರೀ ಲೆಕ್ಕದ ಫಂಕ್ಷನ್‌ಗಳನ್ನು ‘ಸಿಮ್65’ನಲ್ಲಿ ಓಡಿಸಿ. ಅದು ಎಮ್ಯುಲೇಟರ್ ಕಿಟಕಿಯನ್ನೇ ತೆರೆಯದೆ ಓಡಿಸಿ ಸೈಕಲ್ ಲೆಕ್ಕವನ್ನೂ ಕೊಡುತ್ತದೆ, ಸ್ವಯಂಚಾಲಿತ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಪರದೆಯ ಕಿರಣ ಗೊತ್ತಾದ ಸಾಲಿಗೆ ಬಂದಾಗ ಓಡುವ ರಾಸ್ಟರ್ ಇಂಟರಪ್ಟ್ ಅನ್ನು ಮಾತ್ರ ಸಿಯಲ್ಲಿ ಬರೆಯಬೇಡಿ. ಲೈಬ್ರರಿ ಅದಕ್ಕೆ ಅವಕಾಶ ಕೊಡುತ್ತದಾದರೂ ಝೀರೋ ಪೇಜ್ ಉಳಿಸಿ ಮರಳಿ ತುಂಬುವಷ್ಟರಲ್ಲಿ ಕಿರಣ ಮುಂದೆ ಹೋಗಿರುತ್ತದೆ.

ಸಿದ್ಧವಾದ ಪ್ರೋಗ್ರಾಂ ಅನ್ನು ವೈಸ್ ಜೊತೆ ಬರುವ ‘ಸಿ1541’ ಬಳಸಿ ಡಿ64 ಡಿಸ್ಕ್ ಇಮೇಜ್‌ಗೆ ಬರೆಯಿರಿ, ಡಿಸ್ಕ್‌ನಲ್ಲಿ 664 ಬ್ಲಾಕ್ ಜಾಗವಿದೆ. ಎಸ್‌ಡಿ ಕಾರ್ಡ್ ಓದುವ ಎಸ್‌ಡಿ2ಐಇಸಿ ಅಗ್ಗದ ದಾರಿ. 1541 ಅಲ್ಟಿಮೇಟ್ ಕಾರ್ಟ್ರಿಜ್ ದುಬಾರಿ, ಆದರೆ ದಿನವೂ ಬರೆಯುವವರಿಗೆ ಅದೇ ಸರಿ, ನೆಟ್‌ವರ್ಕ್ ಮೂಲಕವೇ ಪ್ರೋಗ್ರಾಂ ಕಳಿಸಿ ಓಡಿಸಬಹುದು. ಅಸಲಿ 1541 ಡ್ರೈವ್ ಸೆಕೆಂಡಿಗೆ ಸುಮಾರು 400 ಬೈಟ್ ಮಾತ್ರ ಓದುವುದರಿಂದ 40 ಕಿಲೋಬೈಟ್‌ನ ಪ್ರೋಗ್ರಾಂ ಲೋಡ್ ಆಗಲು ಒಂದೂವರೆ ನಿಮಿಷಕ್ಕೂ ಹೆಚ್ಚು. ಎಕ್ಸೋಮೈಜರ್‌ನಿಂದ ಕುಗ್ಗಿಸಿ ಕೊಡುವುದು ಬಳಸುವವರಿಗೆ ಮಾಡುವ ಉಪಕಾರ. ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪದ್ಧತಿಯ ಯಂತ್ರಗಳಲ್ಲಿ ಫ್ರೇಮ್‌ಗೆ 17,095 ಸೈಕಲ್ ಮಾತ್ರ ಇರುವುದರಿಂದ ವೈಸ್‌ನಲ್ಲಿ ಆ ಮಾದರಿಯನ್ನೂ ಆರಿಸಿ ಒಮ್ಮೆ ಓಡಿಸಿ.

ಬೇರೆ ಆಯ್ಕೆಗಳು

ಎಲ್‌ಎಲ್‌ವಿಎಂ-ಎಂಓಎಸ್ ಇಂದಿನ ಕಂಪೈಲರ್ ವಿದ್ಯೆಯನ್ನು 6502ಗೆ ತಂದಿದೆ. ತನ್ನನ್ನು ತಾನು ಕರೆಯದ ಫಂಕ್ಷನ್‌ಗಳ ಲೋಕಲ್‌ಗಳಿಗೆ ತಾನಾಗಿಯೇ ಸ್ಥಿರ ಜಾಗ ಕೊಡುತ್ತದೆ, ಇಡೀ ಪ್ರೋಗ್ರಾಂ ಒಟ್ಟಿಗೆ ನೋಡಿ ಆಪ್ಟಿಮೈಸ್ ಮಾಡುತ್ತದೆ, ಸಿ++ ಕೂಡ ಬರುತ್ತದೆ. ಅದೇ ಸಿ ಕೋಡ್‌ಗೆ ಸಾಮಾನ್ಯವಾಗಿ ಇದರ ಫಲಿತಾಂಶವೇ ವೇಗ. ಆದರೆ ಅಸೆಂಬ್ಲಿ ಶೈಲಿ ಬೇರೆ, ಸಿಎ65ಗೆ ಬರೆದದ್ದು ಅಲ್ಲಿ ನೇರವಾಗಿ ನಡೆಯದು. ಆಸ್ಕರ್64 ಕಮಡೋರ್‌ಗಾಗಿಯೇ ಮಾಡಿದ್ದು. ಫ್ಲೋಟ್ ಇದೆ, ಸ್ಟ್ರಿಂಗ್‌ನ ಮುಂದೆ ಒಂದಕ್ಷರ ಹಾಕಿ ಪೆಟ್‌ಸ್ಕಿ ಬೇಕೋ ಸ್ಕ್ರೀನ್ ಕೋಡ್ ಬೇಕೋ ಹೇಳಬಹುದು. ಮೇಲೆ ಹೇಳಿದ ಅಕ್ಷರಗಳ ಗೊಂದಲಕ್ಕೆ ಇಷ್ಟು ಅಚ್ಚುಕಟ್ಟಾದ ಪರಿಹಾರ ಸಿಸಿ65ರಲ್ಲಿಲ್ಲ. ಪ್ರಾಗ್8 ಸಿ ಅಲ್ಲ, 6502ಗಾಗಿಯೇ ರೂಪಿಸಿದ ಭಾಷೆ. ಅದಕ್ಕೆ ಜಾವಾ ಮತ್ತು 64ಟಾಸ್ ಅಸೆಂಬ್ಲರ್ ಬೇಕು.

ಹೊಸದಾಗಿ ಬರೀ ಸಿಯಲ್ಲಿ ಕಮಡೋರ್ ಆಟ ಶುರು ಮಾಡುವವರು ಆಸ್ಕರ್64 ಅಥವಾ ಎಲ್‌ಎಲ್‌ವಿಎಂ-ಎಂಓಎಸ್ ನೋಡಲಿ. ಸಿ ಮತ್ತು ಅಸೆಂಬ್ಲಿ ಬೆರೆಸಿ ಬರೆಯುವವರಿಗೆ, ಒಂದೇ ಕೋಡ್ ಅನ್ನು ಆಪಲ್ 2, ಅಟಾರಿ, ವಿಕ್-20ಗಳಿಗೂ ಒಯ್ಯಬೇಕಾದವರಿಗೆ ಸಿಸಿ65ರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. 2.19 ಬಂದದ್ದು 2020ರಲ್ಲಿ, ಆಮೇಲಿನ ಸುಧಾರಣೆಗಳು ಸ್ನ್ಯಾಪ್‌ಶಾಟ್‌ನಲ್ಲಿ (ಅಧಿಕೃತ ಆವೃತ್ತಿಗಳ ನಡುವಿನ ಬಿಲ್ಡ್) ಸಿಗುತ್ತವೆ. ಒಂದು ಸ್ನ್ಯಾಪ್‌ಶಾಟ್ ಆರಿಸಿದ ಮೇಲೆ ಅದನ್ನು ಪ್ರಾಜೆಕ್ಟ್ ಜೊತೆಗೇ ಎತ್ತಿಡಿ. ಕಂಪೈಲರ್ ಬದಲಾದರೆ ಕೋಡ್‌ನ ಗಾತ್ರ ಬದಲಾಗುತ್ತದೆ, ಮೆಮೊರಿಯ ಅಂಚಿನಲ್ಲಿರುವ ಪ್ರೋಗ್ರಾಂ ಬರೀ ಅಷ್ಟಕ್ಕೇ ಲಿಂಕ್ ಆಗದೆ ನಿಲ್ಲಬಹುದು.